ಲೇಕ್ ಡಿಲನ್‌ಗೆ ಗಾಳಿ ತುಂಬುವ ಕಯಾಕ್: ಮನೆಯಲ್ಲೇ ತುಂಬಿಕೊಂಡು ಹೋಗಬಹುದಾ?

ಪ್ರಶ್ನೆ:
ಡೆನ್ವರ್‌ನಲ್ಲಿದ್ದೇವೆ. ಜುಲೈನಲ್ಲಿ ಇಬ್ಬರು ಕೂರುವ ಗಾಳಿ ಕಯಾಕ್ (ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ) ತಗೊಂಡು ಲೇಕ್ ಡಿಲನ್‌ಗೆ (ಕೊಲೊರಾಡೊ ಬೆಟ್ಟಗಳ ನಡುವಿನ ಜಲಾಶಯ, 9,017 ಅಡಿ ಎತ್ತರ) ಹೋಗುವ ಯೋಚನೆ. ಟ್ಯೂಬ್ ಮೇಲೆ 2.5 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಅಂತ ಇದೆ. ಮನೆಯಲ್ಲೇ ತುಂಬಿ ಕಾರಿನ ಮೇಲೆ ಕಟ್ಟಿದರೆ ನಡೆಯುತ್ತಾ? ಬಿಸಿಲು ಚೆನ್ನಾಗಿರುವಾಗ ವೆಟ್‌ಸೂಟ್ (ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ರಬ್ಬರಿನಂಥ ಉಡುಪು) ಬೇಕಾ? ಊಟ ಮುಗಿಸಿ ನೀರಿಗಿಳಿಯುವ ಅಂದಾಜು.

ಉತ್ತರ 1:
ಮನೆಯಲ್ಲಿ ತುಂಬಲೇಬೇಡಿ. ಡೆನ್ವರ್‌ನಲ್ಲಿ ಹೊರಗಿನ ವಾಯು ಒತ್ತಡ ಸುಮಾರು 12.1 ಪಿಎಸ್ಐ, ಡಿಲನ್‌ನಲ್ಲಿ ಸುಮಾರು 10.5. ಒಳಗಿನ ಗಾಳಿ ಅಷ್ಟೇ ಇದ್ದರೂ ಹೊರಗಿನ ಒತ್ತಡ ಇಳಿಯುವುದರಿಂದ ನಿಮ್ಮ 2.5 ಸುಮ್ಮನೆ 4ರ ಹತ್ತಿರ ಹೋಗುತ್ತದೆ. ದಾರಿಯಲ್ಲಿ ಸಿಗುವ ಐಸನ್‌ಹೋವರ್ ಸುರಂಗ 11,000 ಅಡಿಗೂ ಮೇಲಿದೆ, ಅಲ್ಲಿ ಇನ್ನೂ ಜಾಸ್ತಿ. ಹೊಲಿಗೆ, ಅಂಟು ಬಿಡುವುದು ಹೀಗೇ. ತಳಕ್ಕೆ ರಿಲೀಫ್ ವಾಲ್ವ್ (ಹೆಚ್ಚಾದ ಗಾಳಿಯನ್ನು ತಾನೇ ಹೊರಬಿಡುವ ಕವಾಟ) ಇದ್ದರೂ ಪಕ್ಕದ ಟ್ಯೂಬ್‌ಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ.

ದಡದಲ್ಲೇ, ನೆರಳಿನಲ್ಲಿ, 2 ಪಿಎಸ್ಐವರೆಗೆ ತುಂಬಿ. ನೀರಿಗೆ ಬಿಟ್ಟು ಹತ್ತು ನಿಮಿಷ ಕಾದು, ಮತ್ತೆ ಗೇಜ್ (ಒತ್ತಡ ಅಳೆಯುವ ಮಾಪಕ) ಹಿಡಿದು ನೋಡಿ. 30 ಡಿಗ್ರಿಯ ಗಾಳಿ 12 ಡಿಗ್ರಿಯ ನೀರಿನ ಮೇಲೆ ತಣಿದರೆ ಮುಕ್ಕಾಲು ಪಿಎಸ್ಐ ಹತ್ತಿರ ಇಳಿಯುತ್ತದೆ. ಆಗ ದೋಣಿ ನಡುವೆ ಬಾಗುತ್ತದೆ, ನೇರ ಹೋಗುವುದಿಲ್ಲ. ಕಮ್ಮಿಯಾದದ್ದನ್ನು ಅಲ್ಲೇ ತುಂಬಿ. ದಡಕ್ಕೆ ಎಳೆದು ಬಿಸಿಲಲ್ಲಿ ಬಿಡುವುದಾದರೆ ಮೊದಲು ಸ್ವಲ್ಪ ಗಾಳಿ ಬಿಡಿ. ಹೆಬ್ಬೆರಳಿಂದ ಒತ್ತಿ ಅಂದಾಜು ಮಾಡುವುದನ್ನು ನಂಬಬೇಡಿ, ಗೇಜ್ ಇರುವ ಪಂಪ್ ಇಟ್ಟುಕೊಳ್ಳಿ.

ಉತ್ತರ 2:
ವೆಟ್‌ಸೂಟ್ ಬೇಕೇ ಬೇಕು. ಬಟ್ಟೆ ನೀರಿನ ಚಳಿಗೆ ತಕ್ಕಂತಿರಬೇಕು, ಬಿಸಿಲಿಗಲ್ಲ. ಅದು ಹಿಮ ಕರಗಿದ ನೀರು. 15 ಡಿಗ್ರಿಗಿಂತ ತಣ್ಣಗಿನ ನೀರಿಗೆ ಬಿದ್ದ ಕೂಡಲೇ ಏದುಸಿರು ಬರುತ್ತದೆ, ಆ ಮೊದಲ ನಿಮಿಷದಲ್ಲಿ ನೀರು ಕುಡಿದೇ ಜನ ಮುಳುಗುವುದು. ಆಮೇಲೆ ಕೈಕಾಲು ಮಾತು ಕೇಳುವುದು ಹತ್ತು ನಿಮಿಷವಷ್ಟೇ. ತೋಳಿಲ್ಲದ 3 ಎಂಎಂ ಸೂಟ್, ಮೇಲೊಂದು ಪ್ಯಾಡ್ಲಿಂಗ್ ಜಾಕೆಟ್ ಸಾಕು. ಹತ್ತಿ ಬಟ್ಟೆ ಬೇಡ.

ಲೈಫ್ ಜಾಕೆಟ್ ಹಾಕಿಕೊಂಡೇ ಇರಿ. ಕೊಲೊರಾಡೊ ಕಾನೂನಿನಲ್ಲಿ ತಲೆಗೊಂದು ದೋಣಿಯಲ್ಲಿರಬೇಕು, 13 ವರ್ಷದೊಳಗಿನವರು ತೊಟ್ಟಿರಲೇಬೇಕು. ಆದರೆ ಕಾಲಡಿ ಇಟ್ಟ ಜಾಕೆಟ್ಟನ್ನು ತಣ್ಣೀರಿನಲ್ಲಿ ತೊಡಲು ಆಗುವುದಿಲ್ಲ. ಸೀಟಿಯೂ ಇರಲಿ.

ಮಗುಚಿದ ದೋಣಿ ಹತ್ತುವುದನ್ನು ಮೊದಲೇ ಕಲಿಯಿರಿ: ಅಡ್ಡಕ್ಕೆ ಕಟ್ಟಿದ ಹಗ್ಗ ಹಿಡಿದು ಹಿಂದಕ್ಕೆ ವಾಲಿ ತಿರುಗಿಸಿ, ಒಬ್ಬರು ಎದುರು ಬದಿ ಹಿಡಿದಿರಲಿ, ಇನ್ನೊಬ್ಬರು ಕಾಲು ಬಡಿದು ಮೈ ಅಡ್ಡ ಮಾಡಿಕೊಂಡು ಹೊಟ್ಟೆಯ ಮೇಲೆ ಒಳಗೆ ಜಾರಲಿ. ಡಿಲನ್ ಡೆನ್ವರ್‌ನ ಕುಡಿಯುವ ನೀರು, ಅಲ್ಲಿ ಈಜು ನಿಷಿದ್ಧ. ಅಭ್ಯಾಸ ಬೇರೆ ಕಡೆ ಮಾಡಿ.

ಪ್ರಶ್ನೆ ಕೇಳಿದವರು:
ಗೇಜ್ ಪಂಪ್, ಸೂಟ್ ಎರಡೂ ತಗೊಳ್ಳುತ್ತೇವೆ. ಸಮಯದ ಬಗ್ಗೆ?

ಉತ್ತರ 3:
ಊಟದ ನಂತರ ಎಂಬುದನ್ನು ಬಿಟ್ಟುಬಿಡಿ. ಬೆಳಿಗ್ಗೆ ಏಳಕ್ಕೆ ನೀರಲ್ಲಿ, ಹನ್ನೊಂದಕ್ಕೆ ದಡದಲ್ಲಿ. ಬಿಸಿಲೇರಿದಂತೆ ಬೆಟ್ಟದ ಗಾಳಿ ಏಳುತ್ತದೆ, ಜುಲೈ-ಆಗಸ್ಟ್ ಮಧ್ಯಾಹ್ನ ಗುಡುಗು ಮಳೆ ಮಾಮೂಲು. ತೆರೆದ ನೀರಿನಲ್ಲಿ ಸಿಡಿಲಿಗೆ ಎದ್ದು ಕಾಣುವವರು ನೀವೇ. ಗುಡುಗು ಕೇಳಿದರೆ ಹತ್ತಿರದ ದಡ ಹಿಡಿಯಿರಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ.

ಗಾಳಿ ಕಯಾಕ್ ಹಗುರ, ನೀರಿನ ಮೇಲೆ ಎತ್ತರ ನಿಲ್ಲುತ್ತದೆ, ಹಾಗಾಗಿ ಗಾಳಿ ಸುಲಭವಾಗಿ ತಳ್ಳುತ್ತದೆ. ಸ್ಕೆಗ್ (ದೋಣಿ ನೇರ ಹೋಗಲು ತಳದ ಹಿಂಭಾಗಕ್ಕೆ ಸಿಕ್ಕಿಸುವ ರೆಕ್ಕೆ) ಮರೆಯಬೇಡಿ. ಹೋಗುವಾಗ ಗಾಳಿಗೆ ಎದುರು ಹೊರಡಿ, ದಣಿದು ಬರುವಾಗ ಅದೇ ತಳ್ಳಿಕೊಂಡು ಬರುತ್ತದೆ. ಮೊದಲ ಸಲ ಫ್ರಿಸ್ಕೊ ಕೊಲ್ಲಿಯಲ್ಲಿ ದಡದ ಗುಂಟ ಸಾಕು, ನಡುನೀರು ದಾಟಬೇಡಿ. ಅಣೆಕಟ್ಟಿನ ಕಡೆಯ ಬಾಯ್ (ಗಡಿ ತೋರಿಸಲು ತೇಲಿಬಿಟ್ಟ ಗುರುತು) ಸಾಲನ್ನೂ ದಾಟಬೇಡಿ. ತಲೆನೋವು, ವಾಕರಿಕೆ ಶುರುವಾದರೆ ಅದು ಎತ್ತರದ ಜಾಗದಿಂದ ಬಂದದ್ದಿರಬಹುದು, ಅವತ್ತು ನೀರಿಗಿಳಿಯುವುದು ಬೇಡ.