ಈಜಿಪ್ಟ್ ಚಿತ್ರಗಳಲ್ಲಿ ಮುಖ ಒಂದು ಕಡೆ, ಎದೆ ಇನ್ನೊಂದು ಕಡೆ ಯಾಕೆ?

ಸುಮ್ನೆಓದೋನು:
ಒಂದು ಡೌಟು, ತಿಳ್ದೋರು ಹೇಳಿ. ಈಜಿಪ್ಟಿನ ಹಳೇ ಗೋಡೆ ಚಿತ್ರ ಯಾವ್ದೇ ತಗೊಳ್ಳಿ, ಮುಖ ಪಕ್ಕಕ್ಕೆ ತಿರುಗಿರುತ್ತೆ ಆದ್ರೆ ಕಣ್ಣು ಮಾತ್ರ ಪೂರ್ತಿ ನಮ್ಮ ಕಡೆ, ಭುಜ ಎರಡೂ ಎದುರಿಗೆ, ಸೊಂಟದಿಂದ ಕೆಳಗೆ ಮತ್ತೆ ಪಕ್ಕಕ್ಕೆ. ಹಾಗೆ ನಿಂತ್ಕೊಂಡು ನೋಡಿ, ಬೆನ್ನು ಹಿಡ್ಕೊಳ್ಳುತ್ತೆ. ಕ್ರಿ.ಪೂ. 3100ರ ಸುಮಾರಿನ ನಾರ್ಮರ್ ರಾಜನ ಕಲ್ಲಿನ ಫಲಕದಲ್ಲೂ ಹಿಂಗೇ, ದೆಂಡೆರಾ ದೇವಸ್ಥಾನದ ಹಿಂದಿನ ಗೋಡೆ ಮೇಲಿರೋ ಕ್ಲಿಯೋಪಾತ್ರಾನೂ ಹಿಂಗೇ, ಮಧ್ಯೆ ಮೂರು ಸಾವಿರ ವರ್ಷ ಹೋಗಿದೆ! 146 ಮೀಟರ್ ಎತ್ತರದ ಪಿರಮಿಡ್ಡನ್ನ ಅಷ್ಟು ಕರಾರುವಾಕ್ಕಾಗಿ ಎಬ್ಬಿಸಿದ ಜನಕ್ಕೆ ಒಬ್ಬ ಮನುಷ್ಯ ನಿಂತಿರೋದನ್ನ ಬರೆಯೋಕೆ ಬರ್ತಿರ್ಲಿಲ್ವಾ?

ಬಣ್ಣದಡಬ್ಬಿ:
ಬರ್ತಿತ್ತು, ಚೆನ್ನಾಗೇ ಬರ್ತಿತ್ತು. ಬ್ರಿಟಿಷ್ ಮ್ಯೂಸಿಯಂನಲ್ಲಿ ನೆಬಾಮುನ್ ಅನ್ನೋ ಅಧಿಕಾರಿಯ ಸಮಾಧಿಯಿಂದ ತಂದ ಗೋಡೆ ತುಂಡುಗಳಿವೆ, ಕ್ರಿ.ಪೂ. 1350ರ ಆಸುಪಾಸಿನವು, ಫೋಟೋ ಹುಡುಕಿ ನೋಡಿ. ಔತಣದಲ್ಲಿ ಹಾಡೋ ಹೆಂಗಸರು ನೆಲದ ಮೇಲೆ ಕೂತಿದ್ದಾರೆ, ಅದ್ರಲ್ಲಿ ಇಬ್ಬರ ಮುಖ ನೇರ ನಮ್ಮ ಕಡೆಗೇ ಇದೆ, ಕೂದಲು ಕೆದರಿದೆ, ಅಂಗಾಲು ಕೂಡ ಕಾಣ್ಸುತ್ತೆ. ಆದ್ರೆ ಅದೇ ಸಮಾಧಿಯಲ್ಲಿ ಯಜಮಾನ ನೆಬಾಮುನ್ ದೋಣಿ ಮೇಲೆ ನಿಂತು ಹಕ್ಕಿ ಹೊಡೆಯೋ ಚಿತ್ರದಲ್ಲಿ ಮತ್ತೆ ಅದೇ ಹಳೇ ಭಂಗಿ. ಅಂದ್ರೆ ಹಾಡೋರು, ಕುಣಿಯೋರು, ಹೊಲದಲ್ಲಿ ದುಡಿಯೋರು ಹೆಂಗೆ ಬೇಕಾದ್ರೂ ಬಗ್ಗಬಹುದು ತಿರುಗಬಹುದು, ದೊಡ್ಡೋರು ಮಾತ್ರ ನೆಟ್ಟಗೆ ನಿಂತಿರ್ಬೇಕು. ಸ್ಥಾನ ಏರ್ದಷ್ಟೂ ಸೆಟದುಕೊಂಡು ನಿಲ್ಲೋದು ಅಲ್ಲಿಂದಲೇ ಬಂದಿದೆ ಅನ್ಸುತ್ತೆ 😄

ಇನ್ನು ಭಂಗಿ ಯಾಕೆ ಹಂಗೆ ಅಂದ್ರೆ, ಅವ್ರು ಒಂದು ಕಡೆ ನಿಂತು ನೋಡ್ದಾಗ ಕಾಣೋದನ್ನ ಬರೀತಿರ್ಲಿಲ್ಲ, ಒಂದೊಂದು ಅಂಗಾನೂ ಎಲ್ಲಿಂದ ನೋಡಿದ್ರೆ ಚೆನ್ನಾಗಿ ಗುರುತು ಸಿಗುತ್ತೋ ಅಲ್ಲಿಂದ ಬರೆದು ಜೋಡಿಸ್ತಿದ್ರು. ಮೂಗು ಪಕ್ಕದಿಂದ, ಕಣ್ಣು ಎದುರಿಂದ. ನೆಬಾಮುನ್ ತೋಟದ ಕೊಳ ನೋಡಿ, ಕೊಳ ಮೇಲಿಂದ ನೋಡಿದ ಚೌಕ, ಒಳಗಿನ ಮೀನು ಬಾತುಕೋಳಿ ಪಕ್ಕದಿಂದ, ಸುತ್ತ ಮರಗಳು ಪಕ್ಕದಿಂದ.

ಕೆಂಪುದಾರ:
ಮೇಲಿನೋರು ಹೇಳಿದ್ದಕ್ಕೆ ಸೇರಿಸ್ತೀನಿ, ಆ ಚಿತ್ರಗಳು ಬರೀ ನೋಡೋಕಂತ ಬರೆದವಲ್ಲ. ಸಮಾಧಿಯ ಒಳಕೋಣೆ ಮುಚ್ಚಿಬಿಟ್ರೆ ನೋಡೋರು ಯಾರು? ಸತ್ತೋನಿಗೆ ಅನ್ನ, ಬಿಯರು, ಆಳುಕಾಳು ಎಲ್ಲ ಶಾಶ್ವತವಾಗಿ ಸಿಗ್ಲಿ ಅಂತ ಬರೆದಿದ್ದು, ಚಿತ್ರದಲ್ಲಿರೋದು ನಿಜವಾಗುತ್ತೆ ಅನ್ನೋ ನಂಬಿಕೆ. ಹಾಗಾಗಿ ದೇಹ ಪೂರ್ತಿ ಇರ್ಬೇಕು, ಒಂದು ಕೈ ಮರೆಯಾದ್ರೆ ಆ ಲೋಕದಲ್ಲಿ ಕೈ ಇಲ್ದೇ ಇರ್ಬೇಕಾಗುತ್ತಲ್ಲ. ಇದು ಎಷ್ಟು ಗಟ್ಟಿ ನಂಬಿಕೆ ಅಂದ್ರೆ ಕೆಲವು ಸಮಾಧಿಗಳಲ್ಲಿ ಹಾವು, ಹಕ್ಕಿಗಳ ಆಕಾರದ ಅಕ್ಷರಗಳನ್ನ ಬೇಕಂತಲೇ ಅರ್ಧ ಕತ್ತರಿಸಿ ಬರೆದಿದ್ದಾರೆ, ಅವು ಜೀವ ತಗೊಂಡು ಹೆಣಕ್ಕೆ ತೊಂದ್ರೆ ಮಾಡ್ಬಾರ್ದು ಅಂತ.

ಅರ್ಧಇಂಚು:
ನಂಬಿಕೆ ಒಂದು ಕಡೆ ಇರ್ಲಿ, ಎಲ್ಲಾನೂ ನಂಬಿಕೆ ತಲೆಗೆ ಕಟ್ಟೋದು ನಂಗೆ ಪೂರ್ತಿ ಒಪ್ಪಿಗೆ ಇಲ್ಲ. ಇದು ಗ್ಯಾಂಗ್ ಕೆಲ್ಸ ಗುರು. ಒಬ್ಬ ಗೋಡೆ ನಯ ಮಾಡ್ತಾನೆ, ಒಬ್ಬ ಗೆರೆ ಎಳೀತಾನೆ, ಇನ್ನೊಬ್ಬ ಕೆತ್ತುತಾನೆ, ಮತ್ತೊಬ್ಬ ಬಣ್ಣ ತುಂಬ್ತಾನೆ, ಮಧ್ಯೆ ಮೇಸ್ತ್ರಿ ಬಂದು ತಿದ್ದುತಾನೆ. ರಂಗೋಲಿಗೆ ಮೊದ್ಲು ಚುಕ್ಕಿ ಇಟ್ಟ ಹಾಗೆ ಗೋಡೆ ಮೇಲೆ ಕೆಂಪು ಬಣ್ಣದಲ್ಲಿ ಚೌಕುಳಿ ಹಾಕ್ಕೋತಿದ್ರು, ನಿಂತ ಮನುಷ್ಯ ಪಾದದಿಂದ ಹಣೆಯ ಕೂದಲಂಚಿನ ತನಕ 18 ಚೌಕ, ಕೂತೋನು 14. ಮಂಡಿ ಇಷ್ಟನೇ ಗೆರೆಗೆ, ಭುಜ ಇಷ್ಟನೇ ಗೆರೆಗೆ ಅಂತ ಫಿಕ್ಸು. ಆಮೇಲಿನ ಕಾಲದಲ್ಲಿ ಅದು 21 ಚೌಕದ ಲೆಕ್ಕ ಆಯ್ತು. ಲೆಕ್ಕ ಒಂದೇ ಆದ್ರೆ ಯಾರು ಬಂದು ಮುಂದುವರೆಸಿದ್ರೂ ಕೆಲ್ಸ ಕೆಡಲ್ಲ, ಅಂಗೈ ಅಗಲದ ಚಿತ್ರಾನೂ ಅದೇ ಅಳತೆ, ದೇವಸ್ಥಾನದ ಗೋಡೆಯಷ್ಟು ಎತ್ತರದ ರಾಜನೂ ಅದೇ ಅಳತೆ.

ಇದನ್ನ ಕಣ್ಣಾರೆ ನೋಡ್ಬೇಕು ಅಂದ್ರೆ ರಾಜರ ಕಣಿವೆಯ ಹೊರೆಮ್ಹೆಬ್ ಸಮಾಧಿ, 1908ರಲ್ಲಿ ಸಿಕ್ಕಿದ್ದು. ರಾಜ ಸತ್ತಾಗ ಕೆಲ್ಸ ಮುಗಿದಿರ್ಲಿಲ್ಲ, ಹಂಗೇ ಬಿಟ್ಟು ಹೋಗಿದ್ದಾರೆ. ಒಂದು ಕಡೆ ಕೆಂಪು ಕರಡು ಗೆರೆ, ಅದ್ರ ಮೇಲೆ ಕಪ್ಪಲ್ಲಿ ತಿದ್ದಿದ್ದು, ಪಕ್ಕದಲ್ಲಿ ಅರ್ಧ ಕೆತ್ತಿದ್ದು, ಆ ಕಡೆ ಬಣ್ಣ ತುಂಬಿ ಪೂರ್ತಿ ಮುಗಿಸಿದ್ದು. ನಂಗಂತೂ ಮುಗಿದ ಚಿತ್ರಗಳಿಗಿಂತ ಆ ಕಪ್ಪು ತಿದ್ದುಪಡಿ ಗೆರೆನೇ ಇಷ್ಟ, ಒಂದೇ ಎಳೆತ, ಕೈ ನಡುಗಿಲ್ಲ.

ಸುಮ್ನೆಓದೋನು:
ವಾವ್, ಇದು ಗೊತ್ತೇ ಇರ್ಲಿಲ್ಲ. ಹಂಗಾದ್ರೆ ಶಿಲ್ಪಗಳೂ ಇದಕ್ಕೇನಾ ಅಷ್ಟು ಬಿಗಿ? ಎಡಗಾಲು ಮುಂದೆ, ಕೈ ಎರಡೂ ಮೈಗೆ ಅಂಟಿಸ್ಕೊಂಡು, ಎಲ್ಲ ರಾಜರೂ ಪರೇಡಿಗೆ ನಿಂತಂಗೆ.

ಅರ್ಧಇಂಚು:
ಹೂಂ, ಅಲ್ಲೂ ಚೌಕುಳಿನೇ. ಕಲ್ಲಿನ ದಿಂಡಿನ ಮುಖ, ಬೆನ್ನು, ಪಕ್ಕ ಎಲ್ಲ ಕಡೆ ಗೆರೆ ಹಾಕಿ ಹೊರಗಿನಿಂದ ಒಳಕ್ಕೆ ಕೆತ್ಕೊಂಡು ಹೋಗೋದು, ಅದಕ್ಕೇ ನೇರ ನೋಡೋ ಮುಖ. ಕೈಗೂ ಮೈಗೂ ನಡುವಿನ ಕಲ್ಲು ತೆಗೀದೇ ಬಿಡೋದು ಗಟ್ಟಿ ಇರ್ಲಿ ಅಂತ, ಗ್ರಾನೈಟಲ್ಲಿ ಕೈ ಹೊರಗೆ ಚಾಚಿಸಿದ್ರೆ ಎಷ್ಟು ದಿನ ಉಳೀತು ಹೇಳಿ. ಮರದಲ್ಲಿ ಆ ಭಯ ಇಲ್ಲ, ತೋಳು ಬೇರೆ ಕೆತ್ತಿ ಜೋಡಿಸಬಹುದು. ಕೈರೋ ಮ್ಯೂಸಿಯಂನ ಕಾ-ಅಪೆರ್ ಅನ್ನೋ ಮರದ ಮೂರ್ತಿ ನೋಡಿ, ನಾಲ್ಕೂವರೆ ಸಾವಿರ ವರ್ಷದ ಹಳೇದು, ಬೊಜ್ಜು ಹೊಟ್ಟೆ, ಗುಂಡು ಮುಖ, ಸ್ಫಟಿಕದ ಕಣ್ಣು. ಸಕ್ಕಾರಾದಲ್ಲಿ ಅಗೀವಾಗ ಸಿಕ್ಕಿದ ತಕ್ಷಣ ಕೂಲಿಯವರು ಅಯ್ಯೋ ಇದು ನಮ್ಮೂರ ಪಟೇಲ್ರು ಅಂದುಬಿಟ್ರಂತೆ, ಇವತ್ತಿಗೂ ಅದ್ರ ಅಡ್ಡಹೆಸರು ಅದೇ.

ಬಣ್ಣದಡಬ್ಬಿ:
ಮೂರು ಸಾವಿರ ವರ್ಷ ಒಂದೇ ಥರ ಅನ್ನೋದೂ ಅಷ್ಟು ನಿಜ ಅಲ್ಲ ರೀ. ಹಳೇ ದೇವರನ್ನ ಬಿಟ್ಟು ಸೂರ್ಯನೊಬ್ಬನನ್ನೇ ಪೂಜಿಸಿದ ರಾಜ ಅಖೆನಾತನ್ ಕಾಲದಲ್ಲಿ, 17 ವರ್ಷದ ಆಳ್ವಿಕೆ ಅಷ್ಟೇ, ರಾಜನಿಗೇ ಜೋತುಬಿದ್ದ ಹೊಟ್ಟೆ ಉದ್ದ ಗದ್ದ ಬರೆದ್ರು, ಮಕ್ಕಳನ್ನ ತೊಡೆ ಮೇಲೆ ಕೂರಿಸ್ಕೊಂಡು ಮುದ್ದು ಮಾಡೋದನ್ನೂ ಕೆತ್ತಿದ್ರು. 1912ರಲ್ಲಿ ಸಿಕ್ಕ ಅವನ ರಾಣಿ ನೆಫರ್ತಿತಿಯ ತಲೆ ಕೂಡ ಅವನ ರಾಜಧಾನಿ ಅಮರ್ನಾದ ಥುಟ್ಮೋಸ್ ಅನ್ನೋ ಶಿಲ್ಪಿಯ ಕಾರ್ಖಾನೆದೇ. ಅಖೆನಾತನ್ ಹೋದ್ಮೇಲೆ ದೇವರು ಹಳೇವು ವಾಪಸ್ ಬಂದ್ವು, ಚಿತ್ರಾನೂ ಹೆಚ್ಚುಕಮ್ಮಿ ಹಳೇ ದಾರಿಗೆ ಬಂತು.

ಕೆಂಪುದಾರ:
ಕಟ್ಟಡದ ವಿಷ್ಯಾನೂ ಒಂದು ಮಾತು. ಕಾರ್ನಾಕ್‌ನ ದೇವಸ್ಥಾನದ 134 ಕಂಬದ ಹಾಲಿಗೆ ಹೋದ್ರೆ ಎಲ್ಲರೂ ಕತ್ತೆತ್ತಿ ಮಧ್ಯದ 12 ದೊಡ್ಡ ಕಂಬ ನೋಡ್ತಾರೆ, 21 ಮೀಟರ್ ಹತ್ರ ಎತ್ತರ, ಸರಿ, ಆದ್ರೆ ಗೋಡೆನೂ ನೋಡಿ. ಉತ್ತರದ ಕಡೆ ಸೇತಿ ರಾಜ ಮಾಡಿಸಿದ್ದು ಮೇಲಕ್ಕೆ ಉಬ್ಬಿದ ಕೆತ್ತನೆ, ನಾಜೂಕು. ಅವನ ಮಗ ಎರಡನೇ ರಾಮ್ಸೆಸ್ ಬಂದ್ಮೇಲೆ ಅದನ್ನ ಬಿಟ್ಟು ಗೆರೆಯನ್ನ ಕಲ್ಲಿನೊಳಕ್ಕೆ ಆಳವಾಗಿ ತೋಡ್ಸಿದ. ಒಳಕ್ಕೆ ತೋಡಿದ್ದು ಹೊರಗೋಡೆಗಂತೂ ಹೇಳಿ ಮಾಡ್ಸಿದ್ದು, ಆ ಊರಿನ ಬಿಸಿಲಿಗೆ ಉಬ್ಬು ಕೆತ್ತನೆ ಕಾಣೋದೇ ಇಲ್ಲ, ತೋಡಿದ ಗೆರೆಯಲ್ಲಿ ನೆರಳು ಕೂತು ಚಿತ್ರ ಎದ್ದು ಕಾಣುತ್ತೆ. ಜೊತೆಗೆ ಕೆಲ್ಸಾನೂ ಬೇಗ ಮುಗಿಯುತ್ತೆ, ಹಿನ್ನೆಲೆ ಪೂರ್ತಿ ಕೆತ್ತಿ ತೆಗೆಯೋ ತಾಪತ್ರಯ ಇಲ್ಲ. ರಾಮ್ಸೆಸ್ಸಿಗೆ ಹೆಸರಿನ ಆಸೆ ಜಾಸ್ತಿ, ಬೇರೆಯವ್ರ ಮೂರ್ತಿ ಮೇಲೂ ತನ್ನ ಹೆಸರು ಕೆತ್ತಿಸಿದ ಪುಣ್ಯಾತ್ಮ, ಆಳವಾಗಿ ತೋಡಿದ್ರೆ ಮುಂದೆ ಬರೋನು ತನಗೂ ಅದನ್ನೇ ಮಾಡೋದು ಕಷ್ಟ ಅಲ್ವಾ.

ಅರ್ಧಇಂಚು:
ಹಹ್ಹಾ, ಕಳ್ಳನಿಗೆ ಕಳ್ಳನ ದಾರಿ ಗೊತ್ತು!

ಸುಮ್ನೆಓದೋನು:
ಎಲ್ಲರಿಗೂ ಥ್ಯಾಂಕ್ಸ್. ಹೊರೆಮ್ಹೆಬ್ ಸಮಾಧಿ ಫೋಟೋಗಳನ್ನೇ ನೋಡ್ತಾ ಕೂತಿದೀನಿ, ಊಟಕ್ಕೆ ಎರಡು ಸಲ ಕರೆದಾಯ್ತು ಮನೇಲಿ. ಇನ್ನೊಂದು ಪ್ರಶ್ನೆ, ಆ ಕತ್ತಲೆ ಸಮಾಧಿಯೊಳಗೆ ಬೆಳಕು ಏನು ಮಾಡ್ಕೋತಿದ್ರು? ಚಾವಣಿ ಮೇಲೆ ಮಸಿನೇ ಕಾಣ್ತಿಲ್ವಲ್ಲ?

ಬಣ್ಣದಡಬ್ಬಿ:
ಬಟ್ಟೆ ಹೊಸೆದು ಮಾಡಿದ ಬತ್ತಿ, ಎಣ್ಣೆ ಇಲ್ಲಾ ಕೊಬ್ಬು. ಕೆಲಸಗಾರರ ಊರು ದೇರ್ ಎಲ್-ಮದೀನಾದಲ್ಲಿ ಬತ್ತಿ ಎಷ್ಟು ಖರ್ಚಾಯ್ತು ಅಂತ ಸುಣ್ಣಕಲ್ಲಿನ ಚೂರಿನ ಮೇಲೆ ಬರೆದಿಟ್ಟ ಲೆಕ್ಕ ಸಿಕ್ಕಿದೆ. ಹೊಗೆ ಬರ್ದೇ ಇರ್ಲಿ ಅಂತ ಉಪ್ಪು ಹಾಕ್ತಿದ್ರು ಅನ್ನೋದು ಒಂದು ಊಹೆ. ಮೊದ್ಲು ಊಟ ಮಾಡಿ ಹೋಗಿ.