ರಾತ್ರಿ ಹನ್ನೊಂದರ ನಂತರ ಕೈ ನಿಲ್ಲುವುದಿಲ್ಲ: ತಿನ್ನುವುದರ ಮೇಲೆ ಹಿಡಿತ ತಂದುಕೊಂಡವರು ಇದ್ದೀರಾ?

ಪ್ರಶ್ನೆ – ಕುಂದುವಾಡ (ದಾವಣಗೆರೆ)

ನಾನು ದಾವಣಗೆರೆಯವಳು. ವಯಸ್ಸು 37, ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಕೆಲಸ. ಈ ವಿಷಯವನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಇಲ್ಲಿ ಹೆಸರು ಹೇಳಬೇಕಾಗಿಲ್ಲವೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಹಗಲು ಹೊತ್ತಿನಲ್ಲಿ ನನ್ನಷ್ಟು ಮಿತವಾಗಿ ತಿನ್ನುವವರು ನಮ್ಮ ಮನೆಯಲ್ಲಿ ಇನ್ನೊಬ್ಬರಿಲ್ಲ. ಬೆಳಿಗ್ಗೆ ಸಕ್ಕರೆ ಹಾಕದ ಒಂದು ಲೋಟ ಕಾಫಿ, ಮಧ್ಯಾಹ್ನ ಮೂರರ ಸುಮಾರಿಗೆ ಡಬ್ಬಿಯಲ್ಲಿ ಒಯ್ದ ಒಂದು ಜೋಳದ ರೊಟ್ಟಿ ಮತ್ತು ಪಲ್ಯ, ರಾತ್ರಿ ಎಲ್ಲರಿಗೂ ಬಡಿಸಿದ ಮೇಲೆ ಒಂದು ಲೋಟ ಮಜ್ಜಿಗೆ. "ನಮ್ಮ ಸೊಸೆ ಗುಬ್ಬಿ ಹೆಕ್ಕಿದ ಹಾಗೆ ತಿನ್ನುತ್ತಾಳೆ, ಆದರೂ ಮೈ ಇಳಿಯುವುದಿಲ್ಲ" ಎಂದು ಅತ್ತೆಯವರು ಬಂದವರ ಮುಂದೆಲ್ಲ ಹೇಳುತ್ತಾರೆ. ಅವರಿಗೆ ರಾತ್ರಿ ಹನ್ನೊಂದರ ನಂತರದ ಸಂಗತಿ ಗೊತ್ತಿಲ್ಲ.

ಎಲ್ಲರೂ ಮಲಗಿದ ಮೇಲೆ ಅಡುಗೆಮನೆಗೆ ಹೋಗುತ್ತೇನೆ. ಮಂಡಕ್ಕಿ ಡಬ್ಬಿಯ ಸ್ಟೀಲ್ ಮುಚ್ಚಳ ಸದ್ದು ಮಾಡದಿರಲೆಂದು ಅದರ ಮೇಲೆ ಸೆರಗು ಹೊದಿಸಿ, ಹೆಬ್ಬೆರಳಿನಿಂದ ಒಂದೊಂದೇ ಬದಿ ಮೆಲ್ಲಗೆ ಎಬ್ಬಿಸುವುದನ್ನು ಕೈ ತಾನಾಗಿಯೇ ಕಲಿತುಬಿಟ್ಟಿದೆ. ಮೊದಲು ಒಂದು ಹಿಡಿ ಮಂಡಕ್ಕಿ, ಅದರ ಹಿಂದೆ ಶೇಂಗಾ, ಖಾರದ ಪೊಟ್ಟಣ, ಉಳಿದಿದ್ದ ತಣ್ಣನೆಯ ಅನ್ನ, ಮಕ್ಕಳ ಬಿಸ್ಕತ್ತು, ಕೊನೆಗೆ ಬೆಲ್ಲದ ತುಂಡು. ಎಲ್ಲವನ್ನೂ ನಿಂತುಕೊಂಡೇ ತಿನ್ನುತ್ತೇನೆ, ಏನು ತಿಂದೆನೆಂಬ ರುಚಿಯೂ ನೆನಪಿರುವುದಿಲ್ಲ. ಹೊಟ್ಟೆ ಬಿಗಿದು ನೋಯುವವರೆಗೆ ನಿಲ್ಲಿಸಲು ಆಗುವುದಿಲ್ಲ. ಆಮೇಲೆ ಖಾಲಿ ಕವರುಗಳನ್ನು ಕಸದ ಬುಟ್ಟಿಯ ತಳಕ್ಕೆ ತಳ್ಳಿ, ಮೇಲೆ ಸೊಪ್ಪಿನ ದಂಟು ಹರಡಿ ಬಂದು ಮಲಗುತ್ತೇನೆ. ವಾರಕ್ಕೆ ಮೂರು ನಾಲ್ಕು ರಾತ್ರಿ ಹೀಗೆಯೇ ಆಗುತ್ತದೆ. ಸುಮಾರು ಎರಡು ವರ್ಷವಾಯಿತು. ವಾಂತಿ ಮಾಡಿಕೊಳ್ಳುವುದಿಲ್ಲ, ಆದರೆ ಮರುದಿನ ಇನ್ನಷ್ಟು ಕಡಿಮೆ ತಿನ್ನುತ್ತೇನೆ.

ಶ್ರಾವಣ ಸೋಮವಾರದ ಉಪವಾಸ ಹಿಡಿದೆ, ದಿನಕ್ಕೆ ಹದಿನಾರು ಗಂಟೆ ಏನೂ ತಿನ್ನದ ಪದ್ಧತಿಯನ್ನೂ ಹಿಡಿದೆ. ತೂಕ ಇಳಿಸುವ ಕೇಂದ್ರವೊಂದಕ್ಕೆ ಮೂರು ತಿಂಗಳ ಹಣ ಕಟ್ಟಿದೆ. ಅಲ್ಲಿ ಪ್ರತಿ ಶನಿವಾರ ಎಲ್ಲರೆದುರು ತೂಕ ಓದುತ್ತಿದ್ದರು, ನನ್ನದು ಇಳಿಯದ ಶನಿವಾರಗಳ ರಾತ್ರಿಯೇ ಅತ್ಯಂತ ಕೆಟ್ಟದಾಗಿರುತ್ತಿತ್ತು. ಇದು ಕಾಯಿಲೆಯೋ, ಬರೀ ಬಾಯಿ ಚಪಲವೋ? ಇದರಿಂದ ಹೊರಬಂದವರು ಮೊದಲು ಏನು ಮಾಡಿದಿರಿ? ಮನೆಯವರಿಗೆ ತಿಳಿಯದಂತೆ ಯಾರನ್ನು ಕಾಣಬಹುದು?

ಉತ್ತರ – ತುಂಗಭದ್ರೆ (ಹರಿಹರ)

ತಂಗಿ, ಬೇಸರ ಮಾಡಿಕೊಳ್ಳಬೇಡಿ, ವಯಸ್ಸಿನಲ್ಲಿ ಹಿರಿಯನಾದವನು ಹೇಳುತ್ತಿದ್ದೇನೆ. ನಾಲಿಗೆಯನ್ನು ಗೆದ್ದವನು ಎಲ್ಲವನ್ನೂ ಗೆಲ್ಲುತ್ತಾನೆ ಎಂದು ನಮ್ಮ ತಂದೆ ಹೇಳುತ್ತಿದ್ದರು. ಮನಸ್ಸು ಗಟ್ಟಿ ಮಾಡಿ, ಏಕಾದಶಿಗೆ ನಿಟ್ಟುಪವಾಸ ಮಾಡಿ, ತಿಂಡಿ ಡಬ್ಬಿಗಳನ್ನೆಲ್ಲ ಮನೆಯಿಂದ ಹೊರಗೆ ಹಾಕಿ. ನಾನು ಬೀಡಿ ಬಿಟ್ಟಿದ್ದು ಹೀಗೆಯೇ, ಒಂದೇ ದಿನದಲ್ಲಿ.

ಉತ್ತರ – ಚಂದ್ರವಳ್ಳಿ (ಚಿತ್ರದುರ್ಗ)

ಹಿರಿಯರ ಕಾಳಜಿ ಅರ್ಥವಾಗುತ್ತದೆ. ಆದರೆ ಬೀಡಿಯಿಲ್ಲದೆ ಬದುಕಬಹುದು, ಊಟವಿಲ್ಲದೆ ಬದುಕಲಾಗುವುದಿಲ್ಲ. ಹಾಗಾಗಿ ಆ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಮಂಡಕ್ಕಿಯನ್ನು ಮನೆಯಿಂದ ಹೊರಹಾಕಬೇಕೆಂದರೆ ಅಕ್ಕ ದಾವಣಗೆರೆಯನ್ನೇ ಬಿಟ್ಟು ಹೋಗಬೇಕಾಗುತ್ತದೆ.

ನಾನು ಪ್ರೌಢಶಾಲೆಯ ಶಿಕ್ಷಕ. ಅಕ್ಕ, ನೀವು ಬರೆದ ಕಸದ ಬುಟ್ಟಿಯ ಮಾತನ್ನು ಓದಿ ಸ್ವಲ್ಪ ಹೊತ್ತು ಫೋನನ್ನು ಪಕ್ಕಕ್ಕಿಟ್ಟು ಕುಳಿತೆ. ಗಂಡಸರಿಗೂ ಇದು ಇರುತ್ತದೆ, ಆದರೆ ನಮ್ಮನ್ನು ಜನ 'ಗಟ್ಟಿ ಊಟಗಾರ' ಎಂದು ಬೆನ್ನು ತಟ್ಟುವುದರಿಂದ ಬೇಗ ತಿಳಿಯುವುದಿಲ್ಲ. ಒಂದು ವರ್ಷ ಮೌಲ್ಯಮಾಪನಕ್ಕೆಂದು ನಿಮ್ಮೂರಿಗೆ ಬಂದಿದ್ದಾಗ ಸಂಜೆ ಒಂದು ಹೋಟೆಲಿನಲ್ಲಿ ಎರಡು ಬೆಣ್ಣೆ ದೋಸೆ ತಿಂದು, ಅಲ್ಲಿಯೇ ಮೂರನೆಯದು ಕೇಳಿದರೆ ಬಡಿಸುವ ಹುಡುಗ ಮುಖ ನೋಡುತ್ತಾನೆಂದು ಎರಡು ಬೀದಿ ದಾಟಿ ಇನ್ನೊಂದು ಹೋಟೆಲಿಗೆ ಹೋಗಿ, ಆಗಷ್ಟೇ ಹಸಿದು ಬಂದವನಂತೆ ಮತ್ತೆರಡು ಬೆಣ್ಣೆ ಖಾಲಿ ದೋಸೆ ಹೇಳಿದ್ದೆ. ಆ ದಿನ ಬೆಳಿಗ್ಗೆಯಿಂದ ನಾನು ತಿಂದಿದ್ದು ಎರಡು ಬಿಸ್ಕತ್ತು. ಈ ಕೊನೆಯ ವಾಕ್ಯವೇ ಮುಖ್ಯವಾದದ್ದು ಎಂದು ತಿಳಿಯಲು ನನಗೆ ನಾಲ್ಕು ವರ್ಷ ಬೇಕಾಯಿತು.

ನಾನು ಕಂಡ ಮನಃಶಾಸ್ತ್ರಜ್ಞರು ಮೊದಲ ಭೇಟಿಯಲ್ಲಿ ಏನನ್ನೂ ಬಿಡಲು ಹೇಳಲಿಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ತಿಂದ ಹೊತ್ತು, ಜಾಗ, ಪದಾರ್ಥ, ಅದಕ್ಕೆ ಮೊದಲು ಏನು ನಡೆದಿತ್ತು ಎಂಬುದನ್ನು ತಿಂದ ಕೂಡಲೇ ಬರೆಯಬೇಕು, ಕ್ಯಾಲೊರಿ ಲೆಕ್ಕ ಮಾತ್ರ ಬರೆಯಕೂಡದು ಎಂದರು. ಎರಡು ವಾರದ ನಂತರ ಅವರು ಪುಸ್ತಕವನ್ನು ನನ್ನ ಕಡೆಗೇ ತಿರುಗಿಸಿ, ಕೈ ಮೀರಿ ತಿಂದ ರಾತ್ರಿಗಳಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಿರಿ ಎಂದರು. ಒಂಬತ್ತು ಗೆರೆ ಬಿದ್ದವು. ಅವುಗಳಲ್ಲಿ ಎಂಟು ದಿನ ನಾನು ಬೆಳಗಿನ ತಿಂಡಿ ತಿಂದಿರಲಿಲ್ಲ, ಅಥವಾ ಮಧ್ಯಾಹ್ನದ ಊಟಕ್ಕೂ ರಾತ್ರಿಗೂ ನಡುವೆ ಏಳೆಂಟು ಗಂಟೆ ಖಾಲಿ ಹೊಟ್ಟೆಯಲ್ಲಿದ್ದೆ. ಒಂಬತ್ತನೆಯದು ತಮ್ಮನೊಡನೆ ಆಸ್ತಿಯ ಮಾತು ನಡೆದ ದಿನ.

ಆಮೇಲಿನ ಕೆಲಸ ಕೇಳಲು ಸುಲಭ, ಮಾಡಲು ಭಯ. ಮೂರು ಹೊತ್ತು ಹೊಟ್ಟೆ ತುಂಬ ಊಟ, ನಡುವೆ ಎರಡು ಸಣ್ಣ ತಿಂಡಿ, ಯಾವ ಎರಡರ ನಡುವೆಯೂ ನಾಲ್ಕು ಗಂಟೆಗಿಂತ ಹೆಚ್ಚು ಅಂತರವಿರಕೂಡದು; ಹಸಿವಿದ್ದರೂ ಇಲ್ಲದಿದ್ದರೂ ಗಡಿಯಾರ ನೋಡಿ ತಿನ್ನಬೇಕು. ರಾತ್ರಿ ಅಷ್ಟು ತಿಂದವನು ಬೆಳಿಗ್ಗೆ ಮತ್ತೆ ಉಪ್ಪಿಟ್ಟು ತಿಂದರೆ ಊದಿಹೋಗುತ್ತೇನೆ ಎಂದು ನಾನು ವಾದಿಸಿದೆ. ಮೊದಲ ಹತ್ತು ದಿನ ತೂಕ ಸ್ವಲ್ಪ ಏರಿದ್ದೂ ನಿಜ, ಇದನ್ನು ಮುಚ್ಚಿಡುವುದಿಲ್ಲ. ಮೂರನೆಯ ವಾರದ ಹೊತ್ತಿಗೆ ರಾತ್ರಿಯ ಹಪಾಹಪಿಯ ಕಾವು ಇಳಿಯತೊಡಗಿತು. ಊರ ಹಬ್ಬಕ್ಕೆ ಅಮ್ಮ ಹೋಳಿಗೆ ಮಾಡಿದ ದಿನ ಮತ್ತೆ ಜಾರಿದೆ. ಮರುದಿನ ಉಪವಾಸ ಮಾಡಿ ಸರಿತೂಗಿಸಕೂಡದು, ಎಂಟೂವರೆಯ ತಿಂಡಿ ಎಂಟೂವರೆಗೇ ಆಗಬೇಕು ಎಂಬ ಒಂದೇ ನಿಯಮ ನನ್ನನ್ನು ಉಳಿಸಿತು. ಇನ್ನೊಂದು ಮಾತು: ನಾನು ಬಹಿಷ್ಕಾರ ಹಾಕಿದ್ದ ಮಿರ್ಚಿ ಮಂಡಕ್ಕಿಯನ್ನು ಮೂರನೆಯ ತಿಂಗಳಲ್ಲಿ ಮನಃಶಾಸ್ತ್ರಜ್ಞರೇ ವಾಪಸ್ ಕರೆಸಿದರು. ಸಂಜೆ ಐದಕ್ಕೆ, ತಟ್ಟೆಯಲ್ಲಿ ಹಾಕಿಕೊಂಡು, ಕುಳಿತು, ಹೆಂಡತಿ ಮಕ್ಕಳ ಜೊತೆ. ಕದ್ದು ತಿನ್ನುವಾಗ ಇದ್ದ ಸೆಳೆತ ಅದಕ್ಕೆ ಈಗ ಇಲ್ಲ.

ಉತ್ತರ – ಜೋಗಿಮಟ್ಟಿ (ಆಪ್ತಸಮಾಲೋಚಕಿ, ಚಿತ್ರದುರ್ಗ)

ನಿಮ್ಮನ್ನು ನೋಡದೆ ಇದು ಇಂಥದ್ದೇ ಎಂದು ಹೇಳುವುದು ಸರಿಯಲ್ಲ. ಆದರೆ ಕಾಯಿಲೆಯೋ ಚಪಲವೋ ಎಂಬ ಪ್ರಶ್ನೆಗೆ ವೈದ್ಯಶಾಸ್ತ್ರದಲ್ಲಿ ಉತ್ತರವಿದೆ. ಆಲ್ಬರ್ಟ್ ಸ್ಟಂಕಾರ್ಡ್ ಎಂಬ ಅಮೆರಿಕದ ಮನೋವೈದ್ಯರು ಈ ಬಗೆಯ ತಿನ್ನುವಿಕೆಯನ್ನು 1959ರಲ್ಲಿಯೇ ವಿವರಿಸಿದ್ದರು. 2013ರಲ್ಲಿ ಪ್ರಕಟವಾದ ಡಿಎಸ್ಎಂ-5 ಎಂಬ ರೋಗವರ್ಗೀಕರಣದಲ್ಲಿ 'ಬಿಂಜ್ ಈಟಿಂಗ್ ಡಿಸಾರ್ಡರ್' ಪ್ರತ್ಯೇಕ ಕಾಯಿಲೆಯಾಗಿ ಸೇರಿತು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ರೋಗಪಟ್ಟಿಯಲ್ಲಿಯೂ ಅದು ಇದೆ. ಸ್ವಲ್ಪ ಹೊತ್ತಿನಲ್ಲಿಯೇ ಬೇರೆಯವರು ಅಷ್ಟು ಹೊತ್ತಿನಲ್ಲಿ ತಿನ್ನುವುದಕ್ಕಿಂತ ಬಹಳ ಹೆಚ್ಚು ತಿನ್ನುವುದು, ಆಗ ನಿಲ್ಲಿಸಲಾಗದು ಎನಿಸುವುದು, ಹಸಿವಿಲ್ಲದಿದ್ದರೂ ಬೇಗಬೇಗ ನೋವಾಗುವಷ್ಟು ತಿನ್ನುವುದು, ನಾಚಿಕೆಯಿಂದ ಒಬ್ಬರೇ ತಿನ್ನುವುದು, ನಂತರ ತಮ್ಮ ಮೇಲೆಯೇ ಅಸಹ್ಯಪಡುವುದು ಇದರ ಲಕ್ಷಣಗಳು. ಇದು ವಾರಕ್ಕೆ ಕನಿಷ್ಠ ಒಂದು ಬಾರಿಯಂತೆ ಮೂರು ತಿಂಗಳು ನಡೆದಿದ್ದರೆ ಪರೀಕ್ಷಿಸಿಕೊಳ್ಳಬೇಕು. ವಾಂತಿ ಮಾಡಿಕೊಳ್ಳುವುದು, ಭೇದಿ ಮಾತ್ರೆ ನುಂಗುವುದು ಸೇರಿದರೆ ಅದು ಬೇರೆ ಕಾಯಿಲೆ. ಅದರಲ್ಲಿ ರಕ್ತದ ಪೊಟ್ಯಾಸಿಯಂ ಇಳಿದು ಹೃದಯಕ್ಕೆ ಅಪಾಯವಾಗಬಲ್ಲದು, ಆದ್ದರಿಂದ ತಡಮಾಡದೆ ವೈದ್ಯರನ್ನು ಕಾಣಬೇಕು.

ಮನಸ್ಸು ಗಟ್ಟಿಯಿದ್ದರೆ ಸಾಕು ಎನ್ನುವವರಿಗೆ ನಾನು ಹೇಳುವ ಒಂದು ಉದಾಹರಣೆಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1944–45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ಅಧ್ಯಯನ ಮಾಡಿದರು. ಅವರೆಲ್ಲ ತಾವಾಗಿಯೇ ಮುಂದೆ ಬಂದ ಸ್ವಯಂಸೇವಕರು. ಅಂಥವರೂ ಹಗಲಿಡೀ ಊಟದ ಮಾತನ್ನೇ ಆಡತೊಡಗಿದರು, ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು. ಊಟ ಮತ್ತೆ ಸಿಕ್ಕಾಗ ಕೆಲವರು ಹೊಟ್ಟೆ ನೋಯುವಷ್ಟು ತಿಂದರೂ ಹಸಿವು ಇಂಗಲಿಲ್ಲವೆಂದರು. ಕಾಫಿ, ಒಂದು ರೊಟ್ಟಿ, ಒಂದು ಲೋಟ ಮಜ್ಜಿಗೆಯಲ್ಲಿ ದಿನ ಕಳೆದ ಶರೀರ ರಾತ್ರಿ ಹನ್ನೊಂದಕ್ಕೆ ಮಂಡಕ್ಕಿ ಡಬ್ಬಿಯ ಬಳಿ ಹೋಗುವುದನ್ನು ನಾನು ಚಪಲ ಎನ್ನಲಾರೆ. ಹರಿಹರದ ಅಣ್ಣನವರು ಕ್ಷಮಿಸಬೇಕು, ಈ ಹೊತ್ತಿನಲ್ಲಿ ಉಪವಾಸ ಬೆಂಕಿಗೆ ಸೀಮೆಎಣ್ಣೆ ಸುರಿದಂತೆ. ವ್ರತ ಬೇಕೇ ಬೇಕೆಂದಿದ್ದರೆ ಗುಣವಾದ ಮೇಲೆ, ವೈದ್ಯರನ್ನು ಕೇಳಿ ಮಾಡಲಿ.

ಶಿಕ್ಷಕರು ಹೇಳಿದ ಬರೆಯುವ ಕ್ರಮ, ಗಡಿಯಾರದ ಊಟ ಎರಡೂ ಸಿಬಿಟಿ ಎಂಬ, ಯೋಚನೆ ಮತ್ತು ನಡವಳಿಕೆಯನ್ನು ಮಾತಿನ ಮೂಲಕ ತಿದ್ದುವ ಚಿಕಿತ್ಸೆಯ ಮೊದಲ ಮೆಟ್ಟಿಲುಗಳು. ಈ ಕಾಯಿಲೆಗೆ ಹೊಂದುವಂತೆ ಅದನ್ನು ಬೆಳೆಸಿದವರಲ್ಲಿ ಆಕ್ಸ್‌ಫರ್ಡಿನ ಮನೋವೈದ್ಯ ಕ್ರಿಸ್ಟೋಫರ್ ಫೇರ್‌ಬರ್ನ್ ಪ್ರಮುಖರು. ಸಾಮಾನ್ಯವಾಗಿ ಹದಿನಾರರಿಂದ ಇಪ್ಪತ್ತು ಭೇಟಿಗಳು ಬೇಕಾಗುತ್ತವೆ, ಕೆಲವರಿಗೆ ಮಾತ್ರೆಯ ಸಹಾಯವೂ ಬೇಕಾಗುತ್ತದೆ. ಆದರೆ ಇದು ತೂಕ ಇಳಿಸುವ ಚಿಕಿತ್ಸೆಯಲ್ಲ. ಆ ಆಸೆಯನ್ನು ಕೆಲವು ತಿಂಗಳು ಬದಿಗಿಟ್ಟವರು ಬೇಗ ಸುಧಾರಿಸುವುದನ್ನು ನಾನು ನೋಡಿದ್ದೇನೆ, ಬದಿಗಿಡುವುದೇ ಕಷ್ಟವೆಂಬುದನ್ನೂ ನೋಡಿದ್ದೇನೆ. ನೀವು ಸಕ್ಕರೆ ಕಾಯಿಲೆಗೆ ಮಾತ್ರೆ, ಸ್ಟೀರಾಯ್ಡ್ ಅಥವಾ ಮನೋವೈದ್ಯಕೀಯ ಔಷಧ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ. ಕೆಲವು ಔಷಧಗಳೇ ಹಸಿವನ್ನು ಕೆರಳಿಸುತ್ತವೆ, ರಾತ್ರಿ ಸಕ್ಕರೆ ಅಂಶ ಇಳಿದರೂ ತಡೆಯಲಾಗದ ಹಸಿವಾಗುತ್ತದೆ.

ಇನ್ನು ಯಾರನ್ನು ಕಾಣಬೇಕು ಎಂಬುದು. ನಿಮ್ಮೂರಿನ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಮೊದಲು ಫೋನಿನಲ್ಲಿ ಮಾತನಾಡಬೇಕೆನಿಸಿದರೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಅದು ಹಗಲು ರಾತ್ರಿ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 23ನೆಯ ಕಲಮಿನ ಪ್ರಕಾರ ನಿಮ್ಮ ಚಿಕಿತ್ಸೆಯ ವಿಷಯವನ್ನು ಗೌಪ್ಯವಾಗಿಡುವುದು ನಿಮ್ಮ ಹಕ್ಕು. ಮನೆಯವರನ್ನು ಕರೆದುಕೊಂಡು ಹೋಗಬೇಕಾಗಿಲ್ಲ.

ಉತ್ತರ – ತುಂಗಭದ್ರೆ (ಹರಿಹರ)

ನಾನು ತಿಳಿಯದೆ ಬರೆದೆ. ನಮ್ಮ ಮನೆಯಲ್ಲಿ ಮಗಳೂ ಹಗಲೆಲ್ಲ ಊಟ ಬಿಡುತ್ತಾಳೆ, ತೂಕ ಇಳಿಯುತ್ತದೆಂದು ನಾನೇ ಹೊಗಳುತ್ತಿದ್ದೆ. ಇಂದು ರಾತ್ರಿ ಜೊತೆಯಲ್ಲಿ ಕೂರಿಸಿಕೊಂಡು ಊಟ ಮಾಡುತ್ತೇನೆ, ಉಪದೇಶ ಮಾಡುವುದಿಲ್ಲ.

ಪ್ರಶ್ನೆ ಕೇಳಿದವರು – ಕುಂದುವಾಡ (ಐದು ವಾರಗಳ ನಂತರ)

ತಡವಾಗಿ ಬರೆಯುತ್ತಿದ್ದೇನೆ. ಮೊದಲು 14416ಕ್ಕೆ ಕರೆ ಮಾಡಿದೆ, ಟೆರೇಸಿನ ಮೇಲೆ ಬಟ್ಟೆ ಒಣಗಿಸುತ್ತ. ಆಮೇಲೆ ಕಚೇರಿಗೆ ಅರ್ಧ ದಿನ ರಜೆ ಹಾಕಿ ಮನೋವೈದ್ಯರನ್ನು ಕಂಡೆ. ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿದರು, ಎರಡೂ ಸರಿಯಾಗಿವೆ. ಇದುವರೆಗೆ ಮಾತ್ರೆ ಕೊಟ್ಟಿಲ್ಲ, ವಾರಕ್ಕೊಮ್ಮೆ ಸಮಾಲೋಚನೆಗೆ ಹೋಗುತ್ತಿದ್ದೇನೆ.

ಬೆಳಿಗ್ಗೆ ಎಂಟೂವರೆಗೆ ಅವಲಕ್ಕಿಯೋ ದೋಸೆಯೋ ತಿನ್ನುವುದು ಇಷ್ಟು ಕಷ್ಟವಾಗುತ್ತದೆಂದು ಎಣಿಸಿರಲಿಲ್ಲ. ಮೊದಲ ದಿನ ತಟ್ಟೆ ಹಿಡಿದು ಕುಳಿತಾಗ ಅತ್ತೆಯವರು "ಏನಮ್ಮಾ, ಇವತ್ತು ಬೆಳಿಗ್ಗೆಯೇ?" ಎಂದರು. ಡಾಕ್ಟರು ಹೇಳಿದ್ದಾರೆ ಎಂದೆ. ಅವರು ಮತ್ತೇನೂ ಕೇಳದೆ ಇನ್ನೊಂದು ದೋಸೆ ಹಾಕಿದರು. ಈಗ ಮಧ್ಯಾಹ್ನದ ಊಟ ಒಂದಕ್ಕೆ, ಸಂಜೆ ಕಚೇರಿಯಲ್ಲಿ ಒಂದು ಹಿಡಿ ಶೇಂಗಾ ಮತ್ತು ಬಾಳೆಹಣ್ಣು, ರಾತ್ರಿ ಎಲ್ಲರ ಜೊತೆ ಮುದ್ದೆ ಸಾರು. ಕಳೆದ ಹದಿನೈದು ದಿನಗಳಲ್ಲಿ ಅಡುಗೆಮನೆಗೆ ಹೋಗಿದ್ದು ಎರಡು ರಾತ್ರಿ, ಅದರಲ್ಲಿ ಒಂದು ರಾತ್ರಿ ಅರ್ಧಕ್ಕೆ ನಿಲ್ಲಿಸಿ ಮುಚ್ಚಳ ಹಾಕಿದೆ. ಸದ್ದಾಯಿತು. ಯಜಮಾನರು ಎದ್ದು ಬಂದು ಏನೆಂದು ಕೇಳಿದರು, ಅರ್ಧ ಹೇಳಿದ್ದೇನೆ, ಉಳಿದರ್ಧ ಇನ್ನೂ ಹೇಳಿಲ್ಲ.

ತೂಕದ ಯಂತ್ರವನ್ನು ಅಟ್ಟಕ್ಕೆ ಏರಿಸಿದ್ದೇನೆ. ಮುಂದಿನ ಭೇಟಿ ಮಂಗಳವಾರ ಇದೆ. ಜಾರಿದ ಇನ್ನೊಂದು ರಾತ್ರಿ ಮೊನ್ನೆ ಭಾನುವಾರದ್ದು, ನೋಟ್‌ಬುಕ್ಕಿನಲ್ಲಿ ಅದರ ಪುಟ ಮಾತ್ರ ಖಾಲಿ ಬಿಟ್ಟಿದ್ದೇನೆ. ಅದನ್ನು ಇಂದು ಊಟವಾದ ಮೇಲೆ ಕುಳಿತು ಬರೆಯುತ್ತೇನೆ.