ಅಧ್ಯಾಯ 14 ಆದಮೇಲೆ ನಾಯಕಿ ಆ ಮನೆಯಲ್ಲೇ ಯಾಕಿರಬೇಕು? ಹಾರರ್ ಕಾದಂಬರಿ ಅರ್ಧಕ್ಕೆ ನಿಂತಿದೆ

ಅರ್ಧಪುಟ:

ಎಲ್ಲರಿಗೂ ನಮಸ್ಕಾರ. ಒಂದು ಹಾರರ್ ಕಾದಂಬರಿ ಬರೆಯುತ್ತಿದ್ದೇನೆ. ಅಧ್ಯಾಯ 14ರವರೆಗೆ ಸಲೀಸಾಗಿ ಬಂತು. ಅಲ್ಲಿಂದ ಮುಂದೆ ಒಂದು ಹೆಜ್ಜೆ ಕದಲುತ್ತಿಲ್ಲ.

ಕಥೆ ಇಷ್ಟು. ಮಾಲಿನಿ ತೀರಿಕೊಂಡ ಸೋದರತ್ತೆಯ ಹಳೇ ಮನೆ ಖಾಲಿ ಮಾಡಿಸಲು ಬರುತ್ತಾಳೆ. ಮನೆಯಲ್ಲಿ ಏನೋ ಇದೆ. ಅದಕ್ಕೆ ರೂಪ ಇಲ್ಲ, ದನಿ ಮಾತ್ರ. ಒಳಕೋಣೆಯಿಂದ ಗೊತ್ತಿರುವವರ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ. ಅಧ್ಯಾಯ 3ರಲ್ಲಿ ಅತ್ತೆ ಕರೆದಂತಾಗಿ ಮಾಲಿನಿ ನಿದ್ದೆಗಣ್ಣಲ್ಲೇ 'ಓ, ಬಂದೆ' ಅನ್ನುತ್ತಾಳೆ. ಆಮೇಲೆ ಅತ್ತೆ ಸತ್ತಿರುವುದು ನೆನಪಾಗಿ ಎದ್ದು ಕೂರುತ್ತಾಳೆ. 11ರಲ್ಲಿ ಅತ್ತೆಯ ಡೈರಿ ಸಿಗುತ್ತದೆ. 14ರಲ್ಲಿ ಮನೆ ನೋಡಿಕೊಳ್ಳುತ್ತಿದ್ದ ಮುದುಕ ಹಜಾರದಲ್ಲಿ, ಅವಳ ಕಣ್ಣೆದುರೇ ಸಾಯುತ್ತಾನೆ.

ತೊಂದರೆ ಎರಡು. ಇಷ್ಟಾದ ಮೇಲೂ ಮಾಲಿನಿ ಮನೆ ಬಿಟ್ಟು ಯಾಕೆ ಓಡುವುದಿಲ್ಲ? ಮತ್ತೆ, ಮುದುಕನನ್ನು ಕೊಂದದ್ದು ಇವಳನ್ನು ಯಾಕೆ ಬಿಟ್ಟಿದೆ? ಮಳೆ ಸುರಿಸಿ ರಸ್ತೆ ಮುಚ್ಚಿದೆ. ಕಾರು ಕೆಡಿಸಿದೆ. ಫೋನಿನ ಸಿಗ್ನಲ್ ತೆಗೆದೆ. ಓದಿದ ಗೆಳತಿ ನಕ್ಕುಬಿಟ್ಟಳು. 15ರಿಂದ 19ರವರೆಗೆ ಏನೇನೋ ಬರೆದಿದ್ದೇನೆ, ಆದರೆ ಅದು ಒಂದರ ಹಿಂದೆ ಒಂದು ಬೆಚ್ಚಿಬೀಳಿಸುವ ಸೀನು ಅಷ್ಟೇ. ಯಾವುದನ್ನು ಯಾವುದರ ಮುಂದೆ ಇಟ್ಟರೂ ನಡೆಯುತ್ತದೆ.

ನಿದ್ದೆಗೇಡಿ:

ಇನ್ನೊಬ್ಬರನ್ನು ಸಾಯಿಸಿ. ತಮಾಷೆಗೆ ಹೇಳುತ್ತಿಲ್ಲ. ಸ್ಟೀಫನ್ ಕಿಂಗ್ 'ದಿ ಸ್ಟ್ಯಾಂಡ್' ಬರೆಯುವಾಗ 500 ಪುಟ ದಾಟಿದ ಮೇಲೆ ಸಿಕ್ಕಿಹಾಕಿಕೊಂಡಿದ್ದ. ಅದು ಅಚ್ಚಾದದ್ದು 1978ರಲ್ಲಿ. 2000ದಲ್ಲಿ ಬಂದ ಬರವಣಿಗೆಯ ಬಗ್ಗೆಗಿನ ತನ್ನ ಪುಸ್ತಕದಲ್ಲಿ ಅದನ್ನು ಹೇಳಿಕೊಂಡಿದ್ದಾನೆ. ದಿನಾ ವಾಕಿಂಗ್ ಹೋಗಿ ಯೋಚಿಸಿ ಯೋಚಿಸಿ, ಕೊನೆಗೆ ಬಟ್ಟೆ ಕಪಾಟಿನಲ್ಲಿ ಒಂದು ಬಾಂಬ್ ಇಡಿಸಿ ಮುಖ್ಯ ಪಾತ್ರಗಳಲ್ಲೇ ಕೆಲವರನ್ನು ಮುಗಿಸಿಬಿಟ್ಟ. ಕಥೆ ಮತ್ತೆ ಓಡಿತು.

ಅರ್ಧಪುಟ:

ನನ್ನಲ್ಲಿ ಸಾಯಿಸೋಕೆ ಜನ ಎಲ್ಲಿದ್ದಾರೆ! ಮಾಲಿನಿ, ಮುದುಕ, ಊರಲ್ಲಿರುವ ಅವಳ ತಮ್ಮ. ತಮ್ಮ ಬರೀ ಫೋನಿನಲ್ಲಿ ಬರುತ್ತಾನೆ. ಮುದುಕ ಆಗಲೇ ಹೋದ.

ಹಳೇಕಂದೀಲು:

ಕಿಂಗ್ ಕಥೆಯಲ್ಲಿ ಜನ ಜಾಸ್ತಿಯಾಗಿ, ಎಳೆಗಳು ಎಲ್ಲೆಲ್ಲೋ ಹರಡಿದ್ದವು. ಅದಕ್ಕೆ ಬಾಂಬ್ ಸರಿಹೋಯಿತು. ಇಲ್ಲಿ ರೋಗವೇ ಬೇರೆ.

ಮೇಡಂ, ಮೂರು ಪ್ರಶ್ನೆಗೆ ಉತ್ತರ ಕೊಡಿ. ಒಂದೊಂದು ಸಾಲು ಸಾಕು, ಕಾದಂಬರಿಯ ಭಾಷೆ ಬೇಡ. ಅದಕ್ಕೆ ಏನು ಬೇಕು? ಅದರ ಕೈಲಿ ಏನು ಆಗುವುದಿಲ್ಲ? ಮಾಲಿನಿ ಹೊರಟುಹೋದರೆ ಅವಳು ಏನನ್ನು ಕಳೆದುಕೊಳ್ಳುತ್ತಾಳೆ?

ಅರ್ಧಪುಟ:

ಅದಕ್ಕೆ ಸೇಡು ಬೇಕು. ಅದರ ಕೈಲಿ ಆಗದ್ದು ಅಂತ ಏನೂ ಯೋಚಿಸಿಲ್ಲ. ಹೊರಟುಹೋದರೆ ಅವಳು ಏನೂ ಕಳೆದುಕೊಳ್ಳುವುದಿಲ್ಲ. ಮನೆ ಮಾರುವುದು ತಡವಾಗಬಹುದು ಅಷ್ಟೇ.

ಬರೆದಮೇಲೆ ನನಗೇ ಕಾಣಿಸುತ್ತಿದೆ. ಆದರೂ ನೀವು ಹೇಳಿ.

ಹಳೇಕಂದೀಲು:

ಸೇಡು ಯಾರ ಮೇಲೆ, ಯಾತಕ್ಕೆ? ಮಾಲಿನಿಗೂ ಅದಕ್ಕೂ ಮುಂಚೆ ಸಂಬಂಧವೇ ಇಲ್ಲ. 'ಸೇಡು' ಅಂತ ಸುಮ್ನೆ ಹಾಕಿದ ಹಾಗಿದೆ, ಬಿಟ್ಟುಬಿಡಿ.

ದೊಡ್ಡ ಗಂಟು ಇರುವುದು ಎರಡನೆಯ ಉತ್ತರದಲ್ಲಿ. ಏನು ಬೇಕಾದರೂ ಮಾಡಬಲ್ಲ ದೆವ್ವದಿಂದ ಕಥೆ ಹುಟ್ಟುವುದಿಲ್ಲ. ಅದು ಮೊದಲ ರಾತ್ರಿಯೇ ಕೊಲ್ಲಬಹುದಿತ್ತು. ಕೊಲ್ಲಲಿಲ್ಲ ಅಂದರೆ ಲೇಖಕಿ ಬಿಡಲಿಲ್ಲ ಅಂತ ಅರ್ಥ. ಓದುವವರಿಗೆ ಅದು ತಕ್ಷಣ ವಾಸನೆ ಹೊಡೆಯುತ್ತದೆ. 1897ರ 'ಡ್ರಾಕುಲಾ' ನೋಡಿ. ಅವನಿಗೆ ಎಷ್ಟು ಕಟ್ಟುಪಾಡು! ಮನೆಯವರು ಯಾರಾದರೂ ಮೊದಲ ಸಲ ಒಳಗೆ ಕರೆಯದೆ ಬರುವಂತಿಲ್ಲ. ಹರಿಯುವ ನೀರನ್ನು ಬೇಕೆಂದಾಗ ದಾಟುವಂತಿಲ್ಲ. ತನ್ನ ನೆಲದ ಮಣ್ಣಿನಲ್ಲೇ ಮಲಗಬೇಕು, ಅದಕ್ಕೆಂದೇ 50 ಪೆಟ್ಟಿಗೆ ಮಣ್ಣು ಸಾಗಿಸುತ್ತಾನೆ. ಅವನ ಬೆನ್ನು ಹತ್ತಿದವರಿಗೆ 49 ಸಿಗುತ್ತವೆ. ಉಳಿದ ಒಂದರ ಹಿಂದೆ ಓಡುವುದೇ ಕೊನೆಯ ಭಾಗ. ಆ ಮಣ್ಣಿನ ನಿಯಮ ತೆಗೆದುಬಿಟ್ಟರೆ ಬೆನ್ನಟ್ಟುವುದಕ್ಕೆ ಏನೂ ಉಳಿಯುವುದಿಲ್ಲ.

ನಿಮ್ಮ ಪುಟಗಳಲ್ಲೇ ನಿಯಮ ಆಗಲೇ ಇದೆ ಅಂತ ನನಗೆ ಅನಿಸುತ್ತದೆ. ಅದು ಕರೆಯುತ್ತದೆ. ಬರೀ ಕರೆಯುವುದೇ ಯಾಕೆ? ಹೊರಗೆ ಬರಲು ಆಗದವರು ತಾನೇ ಕರೆಯುವುದು?

ಕೆಂಪುಶಾಯಿ:

ಹೌದು! ಮತ್ತೆ ಅಧ್ಯಾಯ 3ರಲ್ಲಿ ಅವಳು ಓಗೊಟ್ಟಿದ್ದಾಳೆ. ಅಷ್ಟು ಚೆನ್ನಾಗಿರುವುದನ್ನು ಒಂದು ಸಲ ಬೆಚ್ಚಿಸೋಕೆ ಬಳಸಿ ಕೈಬಿಟ್ಟಿದ್ದೀರಿ. ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ: ಓಗೊಟ್ಟರೆ ನಿಮ್ಮ ದನಿ ಅದಕ್ಕೆ ಸಿಗುತ್ತದೆ. ಒಳಕೋಣೆಗೆ ಕಾಲಿಟ್ಟರೆ ನೀವೇ ಸಿಗುತ್ತೀರಿ. ಅದು ಹೊಸ್ತಿಲು ದಾಟಿ ಈಚೆ ಬರಲಾರದು. ಇಷ್ಟೇ.

ಆಗ ಮುದುಕ ಸತ್ತದ್ದಕ್ಕೂ ಕಾರಣ ಸಿಗುತ್ತದೆ. ಅತ್ತೆಯ ದನಿ ಕರೆದರೆ 'ಬಂದೆ ಅಮ್ಮಾ' ಅಂತ ಎದ್ದುಹೋಗುವುದು ಅವನಿಗೆ ಅಭ್ಯಾಸ. ಮಾಲಿನಿಯನ್ನು ಬಿಟ್ಟದ್ದಕ್ಕೂ ಕಾರಣ ಬೇರೆ ಬೇಡ. ಅವಳು ಒಳಗೆ ಹೋಗಿಲ್ಲ.

ಅರ್ಧಪುಟ:

ಮೈ ಜುಂ ಅಂತು. ಆದರೆ ನಾನು ಅವನನ್ನು ಹಜಾರದಲ್ಲಿ ಸಾಯಿಸಿದ್ದೇನೆ.

ಕೆಂಪುಶಾಯಿ:

ಒಳಕೋಣೆಗೆ ಸಾಗಿಸಿ. ಒಂದು ಪುಟದ ಕೆಲಸ. ಮಾಲಿನಿ ಹಜಾರದಲ್ಲೇ ಇರಲಿ. ಅವನು 'ಬಂದೆ ಅಮ್ಮಾ' ಅಂತ ಟವೆಲ್ ಹೆಗಲಿಗೆ ಹಾಕಿಕೊಂಡು ಒಳಗೆ ಹೋಗುವುದು ಮಾತ್ರ ಅವಳಿಗೆ ಕಾಣಲಿ. ಉಳಿದದ್ದು ಕೇಳಿಸಲಿ. ಕಣ್ಣೆದುರು ರಕ್ತ ಹರಿಸಿದರೆ ಅದರ ಮುಂದೆ ತೋರಿಸೋಕೆ ನಿಮಗೆ ಏನು ಉಳಿಯುತ್ತದೆ? 15ರಿಂದ 19 ಸಪ್ಪೆ ಆಗಿದ್ದರಲ್ಲಿ ಇದರ ಪಾಲೂ ಇದೆ.

ಅರ್ಧಪುಟ:

ಒಪ್ಪಿದೆ. ಆದರೆ ಮೊದಲ ಪ್ರಶ್ನೆ ಇನ್ನೂ ಹಾಗೇ ಇದೆ. ಅದು ಹೊರಗೆ ಬರಲಾರದು ಅಂದಮೇಲೆ ಅವಳು ಹೊರಡುವುದು ಇನ್ನೂ ಸುಲಭ ಆಯಿತಲ್ಲ?

ಹಳೇಕಂದೀಲು:

ಹೊರಡಲಿ ಬಿಡಿ.

ನೀವು ಬಾಗಿಲು ಮುಚ್ಚುವುದರಲ್ಲೇ ಸುಸ್ತಾಗಿದ್ದೀರಿ. ಮಳೆ, ಕಾರು, ಸಿಗ್ನಲ್ ಎಲ್ಲ ಅದಕ್ಕೇ. ಬುದ್ಧಿ ಇರುವ ಹೆಂಗಸು, ಕಣ್ಣೆದುರು ಸಾವು ನೋಡಿದ್ದಾಳೆ. ಅಧ್ಯಾಯ 15ರಲ್ಲಿ ಚಪ್ಪಲಿ ಮೆಟ್ಟಿ ಹೊರಟುಬಿಡಲಿ. ಓದುವವರು ಅವಳನ್ನು ಮೆಚ್ಚುತ್ತಾರೆ. ನಿಜ ಹೇಳಬೇಕೆಂದರೆ, ಹಾರರ್ ಕಥೆಯಲ್ಲಿ ನಾಯಕಿ ಒಮ್ಮೆ ಸರಿಯಾದ ಕೆಲಸ ಮಾಡಿದರೆ ಅವಳ ಮೇಲಿನ ಕಾಳಜಿ ದುಪ್ಪಟ್ಟಾಗುತ್ತದೆ.

ಆದರೆ ಅವಳ ದನಿ ಅಲ್ಲೇ ಉಳಿದಿದೆ. ಅತ್ತೆಯ ದನಿ ಯಾರಿಗೆ ಗಾಳವಾಯಿತು? ಮಾಲಿನಿಗೆ, ಮುದುಕನಿಗೆ. ಮಾಲಿನಿಯ ದನಿ ಯಾರಿಗೆ ಗಾಳ?

ಅರ್ಧಪುಟ:

ತಮ್ಮನಿಗೆ.

ಅಯ್ಯೋ. ಅವನು ಅಧ್ಯಾಯ 8ರಲ್ಲೇ 'ಮುಂದಿನ ವಾರ ನಾನೂ ಬಂದು ಸಾಮಾನು ಕಟ್ಟಿಕೊಡ್ತೀನಿ' ಅಂದಿದ್ದಾನೆ. ಸುಮ್ನೆ ಮಾತಿಗೆ ಬರೆದಿದ್ದೆ.

ನಿದ್ದೆಗೇಡಿ:

ನೋಡಿ, ನನ್ನ ಬಾಂಬ್ ಕೊನೆಗೂ ಕೆಲಸಕ್ಕೆ ಬಂತು. ಈ ಸಲ ಸಸ್ಪೆನ್ಸ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್‌ನ ಬಾಂಬ್. 1962ರಲ್ಲಿ ಫ್ರೆಂಚ್ ನಿರ್ದೇಶಕ ತ್ರುಫೋ ಜೊತೆಗಿನ ಸಂದರ್ಶನದಲ್ಲಿ ಹೇಳಿದ ಲೆಕ್ಕ ಅದು. ಮೇಜಿನ ಕೆಳಗಿನ ಬಾಂಬ್ ಹೇಳದೆ ಸಿಡಿದರೆ ಪ್ರೇಕ್ಷಕರಿಗೆ 15 ಸೆಕೆಂಡಿನ ಅಚ್ಚರಿ. ಬಾಂಬ್ ಇರುವುದು ಅವರಿಗೆ ಮೊದಲೇ ಗೊತ್ತಿದ್ದು, ಮೇಜಿನ ಸುತ್ತ ಕೂತವರಿಗೆ ಗೊತ್ತಿಲ್ಲದಿದ್ದರೆ 15 ನಿಮಿಷದ ಚಡಪಡಿಕೆ. ತಮ್ಮ ಹೊರಟಿದ್ದಾನೆ ಅನ್ನುವುದು ಓದುಗರಿಗೆ ಮೊದಲು ತಿಳಿಯಲಿ, ಮಾಲಿನಿಗೆ ಆಮೇಲೆ. ನಿಮ್ಮ 15, 16, 17 ತಾವಾಗಿಯೇ ಓಡುತ್ತವೆ.

ಅರ್ಧಪುಟ:

ತಡೆಯಲಾಗದೆ ಈಗಲೇ ಬರೆದುನೋಡಿದೆ. ಅಧ್ಯಾಯ 16ರ ಕೊನೆ:

'ಅಕ್ಕಾ, ಬಾಗಿಲು ತೆಗಿ. ಎಷ್ಟು ಹೊತ್ತಿನಿಂದ ಬಡೀತಿದೀನಿ.'

'ಯಾವ ಬಾಗಿಲು? ಎಲ್ಲಿದೀಯ ನೀನು?'

'ಅತ್ತೆ ಮನೇಲಿ. ನೀನೇ ಒಳಗಿಂದ ಕೂಗ್ತಿದೀಯಲ್ಲ, ಹಿಂದಿನ ಬಾಗಿಲು ತೆಗೆದಿದೆ ಬಾ ಅಂತ.'

ಮಾಲಿನಿಯ ಎದೆ ಧಸಕ್ಕೆಂದಿತು. ಭಯದಿಂದ ಮೈಯೆಲ್ಲ ಬೆವರಿತು. ಅವಳು ಆ ಮನೆಯಿಂದ ನಾಲ್ಕು ಗಂಟೆಯ ದಾರಿಯಷ್ಟು ದೂರದಲ್ಲಿದ್ದಳು.

ಕೆಂಪುಶಾಯಿ:

ತುಂಬಾ ಚೆನ್ನಾಗಿದೆ. ಈಗ ಕೊನೆಯ ಮೂರು ವಾಕ್ಯ ಹೊಡೆದುಹಾಕಿ. ಎದೆ ಧಸಕ್ಕೆನ್ನಬೇಕಾದ್ದು ಓದುವವರದ್ದು. ಮಾಲಿನಿಯದ್ದು ಧಸಕ್ಕೆಂದಿತು ಅಂತ ನೀವು ಬರೆದ ಕೂಡಲೇ ಅವರು ಹೊರಗೆ ನಿಂತು ಅವಳನ್ನು ನೋಡತೊಡಗುತ್ತಾರೆ. ದೂರದ ಲೆಕ್ಕವೂ ಅಲ್ಲಿ ಬೇಡ. ಅದನ್ನು 15ರಲ್ಲೇ, ಅವಳು ಬಸ್ಸಿನಲ್ಲಿ ಬರುವಾಗ ಹೇಳಿಬಿಡಿ. ಫೋನ್ ಬರುವ ಹೊತ್ತಿಗೆ ಓದುಗರ ತಲೆಯಲ್ಲಿ ಅದು ಇರಬೇಕು. 'ಹಿಂದಿನ ಬಾಗಿಲು ತೆಗೆದಿದೆ ಬಾ ಅಂತ' ಇದೇ ಅಧ್ಯಾಯದ ಕೊನೆಯ ಮಾತು.

ಅರ್ಧಪುಟ:

ಹೊಡೆದೆ. ನಿಜಕ್ಕೂ ಬೇರೆಯೇ ಥರ ಓದಿಸಿಕೊಳ್ಳುತ್ತಿದೆ.

ಈಗ ಹೊಸ ತಲೆನೋವು. ಅವಳ ಕೈಯಲ್ಲಿ ಫೋನ್ ಇದೆ. 'ಒಳಗೆ ಹೋಗಬೇಡ, ಅದು ನಾನಲ್ಲ' ಅಂದರೆ ಮುಗಿಯಿತಲ್ಲ? ಇಲ್ಲಿ ಸಿಗ್ನಲ್ ತೆಗೆದರೆ ಮತ್ತೆ ಅದೇ ಕಥೆ.

ನಿದ್ದೆಗೇಡಿ:

ಸಿಗ್ನಲ್ ಚೆನ್ನಾಗಿಯೇ ಇರಲಿ. ಅವಳು ಹೇಳಲಿ. ಒಳಗಿನ ಅಕ್ಕನೂ ಹೇಳಲಿ: 'ಫೋನಿನಲ್ಲಿರೋದು ನಾನಲ್ಲ ಕಣೋ.'

ಎರಡೂ ಒಂದೇ ದನಿ. ತಮ್ಮ ಯಾರನ್ನು ನಂಬಬೇಕು?

ಹಳೇಕಂದೀಲು:

ಇವತ್ತಿನ ಬೆಸ್ಟ್ ಸಾಲು ಇದು. ನಾನು ಕೂಡ ಯೋಚಿಸಿರಲಿಲ್ಲ.

ಆದರೆ ಒಂದು ಕಂಡಿ ಮುಚ್ಚಬೇಕು. ಯಾವ ತಮ್ಮನಾದರೂ ಕೇಳುವ ಮೊದಲ ಪ್ರಶ್ನೆ, 'ಅಕ್ಕನಿಗೆ ಮಾತ್ರ ಗೊತ್ತಿರೋದು ಏನಾದ್ರೂ ಹೇಳು'. ಅದಕ್ಕೆ ದನಿಯಷ್ಟೇ ಸಿಗುತ್ತದೋ, ನೆನಪೂ ಸಿಗುತ್ತದೋ? ಬರೀ ದನಿ ಅಂದರೆ ಒಂದೇ ಪ್ರಶ್ನೆಗೆ ಸೋಲುತ್ತದೆ. ಎಲ್ಲ ನೆನಪೂ ಅಂದರೆ ಮತ್ತೆ ಮಿತಿ ಇಲ್ಲದ ದೆವ್ವ. ಮಧ್ಯದಲ್ಲಿ ಏನಾದರೂ ಬೇಕು. ಆ ಮನೆಯೊಳಗೆ ಆಡಿದ ಮಾತೆಲ್ಲ ಅದಕ್ಕೆ ಗೊತ್ತು, ಹೊರಗಿನದು ಗೊತ್ತಿಲ್ಲ ಅಂತ ಇಟ್ಟುಕೊಂಡರೆ?

ಅರ್ಧಪುಟ:

ಅಧ್ಯಾಯ 6 ಪೂರ್ತಿ ಅಕ್ಕ-ತಮ್ಮನ ಫೋನ್ ಮಾತು. ಮನೆಯಲ್ಲಿ ಕೂತೇ ಮಾತಾಡುತ್ತಾಳೆ. ಚಿಕ್ಕಂದಿನ ಜಗಳ, ಅಪ್ಪನ ಸಿಟ್ಟು, ಎಲ್ಲ ಬರುತ್ತದೆ. ಬೋರು, ತೆಗೆದುಬಿಡು ಅಂದಿದ್ದಳು ಗೆಳತಿ.

ಹಳೇಕಂದೀಲು:

ಒಂದಕ್ಷರ ತೆಗೆಯಬೇಡಿ! ಬೋರಾಗುವಷ್ಟು ಮಾಮೂಲಾಗಿದ್ದರೆ ಇನ್ನೂ ಒಳ್ಳೆಯದು, ಯಾರೂ ಗುಮಾನಿ ಪಡುವುದಿಲ್ಲ. ಆ ಮಾತಿನ ನಡುವೆ ತಮ್ಮನ ಚಿಕ್ಕಂದಿನ ಅಡ್ಡಹೆಸರು ಒಂದೇ ಒಂದು ಸಲ ಬರಲಿ. 17ರಲ್ಲಿ ಅವನು ಪರೀಕ್ಷೆಗೆ ಅದನ್ನೇ ಕೇಳುತ್ತಾನೆ. ಫೋನಿನ ಅಕ್ಕ ಹೇಳುವ ಮೊದಲೇ ಒಳಗಿನಿಂದ ಉತ್ತರ ಬರುತ್ತದೆ.

ಅರ್ಧಪುಟ:

ಸರ್, ರಾತ್ರಿ ನಿದ್ದೆ ಹಾಳುಮಾಡಿದಿರಿ. ಕೊನೆಯದಾಗಿ ಡೈರಿ. ಅದರಲ್ಲಿ ಅತ್ತೆ ಇಡೀ ವಿಷಯ ವಿವರಿಸಿದ್ದಾಳೆ. ಈಗ ಅದು ಇದ್ದರೆ ಮಾಲಿನಿಗೆ 11ರಲ್ಲೇ ಎಲ್ಲ ಗೊತ್ತಾಗುತ್ತದೆ. ತೆಗೆದರೆ ಅವಳಿಗೆ ನಿಯಮ ಹೇಳುವವರು ಯಾರೂ ಇಲ್ಲ.

ಕೆಂಪುಶಾಯಿ:

ಎಲ್ಲವನ್ನೂ ವಿವರಿಸುವ ಹಳೇ ಡೈರಿ ಕಂಡರೆ ನನಗೆ ಅಲರ್ಜಿ. ಸಾಯುವ ಭಯದಲ್ಲಿರುವವರು ಯಾರು ಅಷ್ಟು ಅಚ್ಚುಕಟ್ಟಾಗಿ ಬರೆಯುತ್ತಾರೆ? ಡೈರಿ ಇರಲಿ, ಅತ್ತೆಗೆ ಅರ್ಧ ಮಾತ್ರ ಗೊತ್ತಿರಲಿ. 'ಒಳಕೋಣೆ ಬಾಗಿಲು ತೆಗೆಯಬೇಡ' ಅಂತ ಬರೆದಿರಲಿ. ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಓಗೊಡುವ ವಿಷಯ ಅವಳಿಗೂ ತಿಳಿದಿರಲಿಲ್ಲ. ಅದಕ್ಕೇ ಅವಳ ದನಿ ಅಲ್ಲಿದೆ.

1818ರ 'ಫ್ರಾಂಕೆನ್‌ಸ್ಟೈನ್'ನಲ್ಲಿ ಹೀಗೇ ಆಗುತ್ತದೆ. ನಿನ್ನ ಮದುವೆಯ ರಾತ್ರಿ ಬರುತ್ತೇನೆ ಅಂತ ಆ ಜೀವಿ ತನ್ನನ್ನು ಸೃಷ್ಟಿಸಿದ ವಿಕ್ಟರ್‌ನನ್ನು ಬೆದರಿಸುತ್ತದೆ. ವಿಕ್ಟರ್ ತನ್ನ ಜೀವಕ್ಕೇ ಸಂಚು ಅಂದುಕೊಂಡು ಪಿಸ್ತೂಲು ಹಿಡಿದು ಕಾಯುತ್ತಾನೆ. ಸಾಯುವುದು ಹೆಂಡತಿ. ಎಚ್ಚರಿಕೆ ಸಿಕ್ಕಿತ್ತು, ಕಾದದ್ದು ತಪ್ಪು ಕಡೆ. ಮಾಲಿನಿಯೂ ಬಾಗಿಲಿಗೆ ಬೀಗ ಜಡಿಯಲಿ, ಕೀಲಿ ತನ್ನ ಜೊತೆಗೇ ತೆಗೆದುಕೊಂಡು ಹೋಗಲಿ. ನಿಶ್ಚಿಂತೆಯಿಂದ ಬಸ್ಸಿನಲ್ಲಿ ನಿದ್ದೆಯೂ ಮಾಡಲಿ.

ನಿದ್ದೆಗೇಡಿ:

ಬೀಗ ಜಡಿದಿದ್ದರೆ ತಮ್ಮ ಒಳಗೆ ಹೇಗೆ ಹೋಗುತ್ತಾನೆ?

ಕೆಂಪುಶಾಯಿ:

ಸಾಮಾನು ಕಟ್ಟಲು ಬರುವವನ ಕೈಯಲ್ಲಿ ಸುತ್ತಿಗೆ ಇರಬಾರದಾ? ಅಕ್ಕ ಒಳಗೆ ಸಿಕ್ಕಿಬಿದ್ದಿದ್ದಾಳೆ ಅಂದುಕೊಂಡರೆ ಒಡೆಯದೆ ಬಿಡುತ್ತಾನಾ? ಬೀಗ ನೋಡಿದಷ್ಟೂ ಅವನಿಗೆ ಅನುಮಾನ ಗಟ್ಟಿಯಾಗುತ್ತದೆ, ಯಾರೋ ಕೂಡಿಹಾಕಿದ್ದಾರೆ ಅಂತ.

ಅರ್ಧಪುಟ:

ಸರಿ, ಕೆಲಸದ ಪಟ್ಟಿ ಸಿಕ್ಕಿತು. 14ರಲ್ಲಿ ಮುದುಕ ಒಳಕೋಣೆಗೆ. 11ರಲ್ಲಿ ಡೈರಿ ಅರ್ಧಕ್ಕೆ. 6ರಲ್ಲಿ ಅಡ್ಡಹೆಸರು. ಹಳೇ 15ರಿಂದ 19 ಪೂರ್ತಿ ಕಸದಬುಟ್ಟಿಗೆ. ಹೊಟ್ಟೆ ಉರಿಯುತ್ತಿದೆ, ಆದರೂ ಪರವಾಗಿಲ್ಲ.

ಮೊದಲು ಹಿಂದಿನದನ್ನು ತಿದ್ದಲಾ, ಮುಂದಿನದನ್ನು ಬರೆಯಲಾ?

ಹಳೇಕಂದೀಲು:

ಮುಂದಕ್ಕೆ ಬರೆಯಿರಿ. ಹಿಂದಿನದೆಲ್ಲ ಆಗಲೇ ತಿದ್ದಿಯಾಗಿದೆ ಅಂದುಕೊಂಡು, ಅಂಚಿನಲ್ಲಿ ಒಂದೊಂದು ಟಿಪ್ಪಣಿ ಹಾಕಿಟ್ಟು 15ರಿಂದ ಶುರುಮಾಡಿ. ತಮ್ಮ ಉಳಿಯುತ್ತಾನೋ ಇಲ್ಲವೋ ತೀರ್ಮಾನವಾಗುವವರೆಗೆ 6ನ್ನು ಮುಟ್ಟಬೇಡಿ. ಅವನು ಉಳಿಯುವುದಾದರೆ, ಮನೆಯ ಹೊರಗೆ ಅಕ್ಕ-ತಮ್ಮ ಆಡಿದ ಒಂದು ಮಾತೂ ಎಲ್ಲಾದರೂ ಮೊದಲೇ ಬಂದಿರಬೇಕಾಗುತ್ತದೆ. ಅದನ್ನು ಯಾವ ಅಧ್ಯಾಯದಲ್ಲಿ ಹೂಳಬೇಕು ಅನ್ನುವುದು 18 ಬರೆದಮೇಲೆ ತಾನಾಗಿಯೇ ತಿಳಿಯುತ್ತದೆ.